ಮುನಿರಾಜಣ್ಣನ ಮೂಗು ಇಂಗ್ಲೆಂಡಿಗೆ ಹೋದದ್ದು

ದೇವನಹಳ್ಳಿ

ವಿದೇಶಕ್ಕೆ ಹೋಗುವ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ಅನುಕೂಲವಿದೆ. ಬೆಂಗಳೂರಿನವರು ಹೆಬ್ಬಾಳದ ಮೇಲ್ಸೇತುವೆಯಲ್ಲಿ ಸಿಕ್ಕಿಹಾಕಿಕೊಂಡು ವಾಚು ನೋಡಿಕೊಳ್ಳುತ್ತಿರುವಾಗ ನಾವು ಮನೆಯಲ್ಲಿ ಮುದ್ದೆ ಉಂಡು, ಒಂದು ಸಣ್ಣ ನಿದ್ದೆ ತೆಗೆದು, ಆರಾಮಾಗಿ ವಿಮಾನ ನಿಲ್ದಾಣ ಸೇರಬಹುದು. ಹಾಗಂತ ನನಗೆ ಹೇಳಿದವರು ಮುನಿರಾಜಣ್ಣ. ಅವರು ಸೂಲಿಬೆಲೆಯವರು. ಅವರ ರಾಗಿ ಹೊಲದ ಮೇಲೆಯೇ ವಿಮಾನಗಳು ತಗ್ಗಿ ಹೋಗುವುದರಿಂದ, ಒಂದು ಸಲವೂ ಹತ್ತದೆಯೇ ಅವರಿಗೆ ವಿಮಾನದ ಬಗ್ಗೆ ಎಲ್ಲವೂ ಗೊತ್ತಿತ್ತು. ನಾನು ಅರಿಶಿನಕುಂಟೆಯವಳು. ಅವರ ಮಾತು ನಂಬಿ ತಡವಾಗಿ ಹೊರಟು, ದೊಡ್ಡಬಳ್ಳಾಪುರದಲ್ಲಿ ಲಾರಿ ಸಾಲಿನ ಹಿಂದೆ ಸಿಕ್ಕಿಕೊಂಡು, ಕೊನೆಗೆ ಪೆಟ್ಟಿಗೆ ಎಳೆದುಕೊಂಡು ಓಡಿ ಹೋಗಿ ಸರದಿಯಲ್ಲಿ ನಿಂತೆ. ಮುನಿರಾಜಣ್ಣ ನನಗಿಂತ ಮುಂದೆ ನಿಂತು, ಹೊಸ ಸ್ವೆಟರಿನಲ್ಲಿ ಬೆವರುತ್ತಾ, ಹಿಂದಿನವರಿಗೆ ವಿಮಾನದ ವಿಷಯ ಹೇಳುತ್ತಿದ್ದರು.

ನಾವಿಬ್ಬರೂ ಒಂದೇ ಕಂಪನಿಯವರು. ಹೊಸಕೋಟೆಯಿಂದ ನೆಲಮಂಗಲದವರೆಗೆ ಕಾರ್ಖಾನೆಗಳಿಗೂ ಮನೆಗಳಿಗೂ ನೆಲದಡಿಯ ಕೊಳವೆಯಲ್ಲಿ ಗ್ಯಾಸ್ ಕಳಿಸುವುದು ನಮ್ಮ ಕೆಲಸ. ನಾನು ನೆಲಮಂಗಲದ ಕಂಟ್ರೋಲ್ ರೂಮಿನಲ್ಲಿ ಪರದೆಗಳ ಮುಂದೆ ಕೂರುತ್ತೇನೆ. ಎಲ್ಲಾದರೂ ಒತ್ತಡ ಇಳಿದು ಅಲಾರಂ ಕೂಗಿಕೊಂಡರೆ ಮುನಿರಾಜಣ್ಣನಿಗೆ ಫೋನ್ ಮಾಡುತ್ತೇನೆ. ಅವರು ಹೊಸಕೋಟೆ ಕಡೆಯ ಲೈನಿನ ಸೂಪರ್‌ವೈಸರ್. ತಮ್ಮ ಗ್ಯಾಂಗಿನವರ ಜೊತೆ ಲೈನಿನುದ್ದಕ್ಕೂ ನಡೆದು ನೋಡುವವರು. ಅವರು ಜಾಗಕ್ಕೆ ಹೋಗಿ, 'ಏನೂ ಇಲ್ಲ, ಬಿಡಮ್ಮ' ಎಂದರೆ ನಾನು ಗ್ಯಾಸ್ ಬಿಡುತ್ತೇನೆ. 'ನಿಲ್ಸು' ಎಂದರೆ ನಿಲ್ಲಿಸುತ್ತೇನೆ.

ಆ ಗ್ಯಾಸಿಗೆ ಸ್ವಂತ ವಾಸನೆ ಇಲ್ಲ. ಸೋರಿದರೆ ಜನಕ್ಕೆ ತಿಳಿಯಲಿ ಎಂದು ಕೊಳೆತ ಕೋಸಿನಂಥ ಒಂದು ವಾಸನೆಯನ್ನು ಬೆರೆಸಿ ಕಳಿಸುತ್ತಾರೆ. ಅದನ್ನು ಹಿಡಿಯುವುದರಲ್ಲಿ ಮುನಿರಾಜಣ್ಣನ ಮೂಗಿಗೆ ಸಾಟಿ ಇಲ್ಲ ಎನ್ನುವುದು ನಮ್ಮಲ್ಲಿ ಎಲ್ಲರೂ ಒಪ್ಪಿದ ಮಾತು. ಒಪ್ಪದವರನ್ನು ಅವರೇ ಕೂರಿಸಿಕೊಂಡು ಒಪ್ಪಿಸುತ್ತಿದ್ದರು. ಲೈನಿನ ಮೇಲೆ ಅಲ್ಲಲ್ಲಿ ವಾಲ್ವ್ ಇರುವ ಗುಂಡಿಗಳಿವೆ. ಮುಚ್ಚಳ ಎತ್ತುವ ಮೊದಲು ಗ್ಯಾಸ್ ಸೋರಿದ್ದನ್ನು ತೋರಿಸುವ ಮೀಟರ್ ಇಳಿಸಿ ನೋಡಬೇಕು ಎಂಬುದು ಬರಹದ ನಿಯಮ. ಕುಕ್ಕರಗಾಲಲ್ಲಿ ಕೂತು, ಮುಚ್ಚಳದ ಸಂದಿಗೆ ಮೂಗಿಟ್ಟು, ಒಂದು ಸಲ ಎಳೆದು ನೋಡುವುದು ನಮ್ಮವರ ರೂಢಿ. ಮೀಟರ್ ಬರುವ ಮೊದಲೇ ಮುನಿರಾಜಣ್ಣ ಬಂದಿದ್ದರಲ್ಲ, ಅವರ ರೂಢಿಯೇ ಗಟ್ಟಿಯಾಗಿ ನಿಂತಿತ್ತು. ಕಂಟ್ರೋಲ್ ರೂಮಿಗೆ ಬರುವ ಮೊದಲು ನಾನೂ ಅವರ ಕೈಕೆಳಗೆ ಲೈನಿನಲ್ಲಿ ಓಡಾಡಿದವಳು. ಮೂಗಿಡುವುದನ್ನು ನನಗೆ ಕಲಿಸಿದವರೂ ಅವರೇ.

ಈಗ ಆ ಕೊಳವೆಗೆ ಸ್ವಲ್ಪ ಹೈಡ್ರೋಜನ್ ಬೆರೆಸುವ ಮಾತು ನಡೆದಿದೆ. ಮುಂದೆ ಕಾರ್ಖಾನೆಗಳ ಹೊಗೆಯಿಂದ ಇಂಗಾಲದ ಡೈಆಕ್ಸೈಡ್ ತೆಗೆದು, ಬೇರೊಂದು ಕೊಳವೆಯಲ್ಲಿ ದೂರಕ್ಕೆ ಸಾಗಿಸುವ ಯೋಚನೆಯೂ ಇದೆ. ಅವೆರಡರ ಸ್ವಭಾವವನ್ನು ಕಲಿತು ಬನ್ನಿ ಎಂದು ಕಂಪನಿ ಪರದೆ ನೋಡುವವರಲ್ಲಿ ಒಬ್ಬರನ್ನೂ ಲೈನು ನಡೆಯುವವರಲ್ಲಿ ಒಬ್ಬರನ್ನೂ ಆರಿಸಿತು. ಮುನಿರಾಜಣ್ಣನ ಹೆಂಡತಿ ನಾಗರತ್ನಮ್ಮ ನಿಲ್ದಾಣದ ಬಾಗಿಲವರೆಗೂ ಬಂದಿದ್ದರು.

"ನೋಡ್ಕಳವ್ವ ಗಿರಿಜಾ. ಬಾಯಿ ಜಾಸ್ತಿ, ಅಷ್ಟೇಯ. ಮನುಷ್ಯ ಒಳ್ಳೇನು," ಎಂದು ನನ್ನ ಕೈ ಹಿಡಿದು ಹೇಳಿದರು. ಗಂಡನ ಪೆಟ್ಟಿಗೆಯಲ್ಲಿ ಸಾರಿನ ಪುಡಿ, ಹುಣಸೆಹಣ್ಣು, ಇಂಗು ಎಲ್ಲ ಇಟ್ಟಿರುವುದಾಗಿಯೂ ಹೇಳಿದರು.

ಬಸ್ಸಿನಲ್ಲಿ

ನಾವು ಹೋದದ್ದು ಇಂಗ್ಲೆಂಡಿನ ಉತ್ತರಕ್ಕೆ. ಮರಗಳಿಲ್ಲದ ಗುಡ್ಡಗಳು, ಕಲ್ಲು ಜೋಡಿಸಿದ ಗೋಡೆಗಳು, ಎತ್ತ ನೋಡಿದರೂ ಕುರಿಗಳು. ಕುರಿ ನೋಡಿದ ಕೂಡಲೇ ಮುನಿರಾಜಣ್ಣನಿಗೆ ಜೀವ ಬಂತು. "ಕಾಯೋನೇ ಇಲ್ವಲ್ಲಮ್ಮ ಇವ್ಕೆ! ನಮ್ ಕಡೆ ಆಗಿದ್ರೆ ಬೆಳಗಾಗೋದ್ರೊಳಗೆ ಅರ್ಧ ಮಾಯ ಆಗಿರೋವು," ಎಂದರು.

ರೈಲಿಳಿದು ಹಳ್ಳಿಯ ಬಸ್ಸು ಹಿಡಿದೆವು. ಅಲ್ಲಿ ಬಸ್ಸಿಗೆ ಹತ್ತುವವರು ತಳ್ಳಾಡುವುದಿಲ್ಲ. ಇಳಿಯುವವರು ಒಬ್ಬೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ನಮ್ಮ ನೆಲಮಂಗಲದ ಬಸ್ಸಿನಲ್ಲಿ ಹಾಗೆ ಮಾಡಿದರೆ ಡ್ರೈವರ್ ಗಾಬರಿಯಾಗಿ ಬ್ರೇಕ್ ಹಾಕಿಬಿಟ್ಟಾನು. ನಾನು ಇದನ್ನೆಲ್ಲ ನೋಡಿ ಮೆಚ್ಚುತ್ತಿರುವಾಗ, ಮುಂದಿನ ಸೀಟಿನ ಅಜ್ಜಿ ಒಂದು ಸಲ ಹಿಂದೆ ತಿರುಗಿ ನೋಡಿದರು. ಪಕ್ಕದ ಗಂಡಸು ಅಷ್ಟು ಚಳಿಯಲ್ಲೂ ಕಿಟಕಿ ತೆರೆದ. ಸ್ವಲ್ಪ ಹೊತ್ತಿಗೆ ಅಜ್ಜಿ 'ಸಾರಿ' ಎಂದು ನಮಗೇ ಹೇಳಿ, ಎದ್ದು ಹೋಗಿ ಡ್ರೈವರಿನ ಹಿಂದೆ ಕೂತರು. ಆಗ ನನಗೂ ಬಡಿಯಿತು. ಇಂಗು! ಬಸ್ಸಿಗೆ ಬಸ್ಸೇ ಒಗ್ಗರಣೆ ಹಾಕಿದಂತೆ ಇಂಗು!

"ಮುನಿರಾಜಣ್ಣ, ನಿಮ್ಮ ಪೆಟ್ಟಿಗೆಯಲ್ಲಿ ಇಂಗಿನ ಡಬ್ಬಿ ಬಾಯಿ ಬಿಟ್ಟಿದೆ," ಎಂದು ಪಿಸುಗುಟ್ಟಿದೆ.

"ಇಲ್ಲ ಕಣಮ್ಮ. ಬಿಟ್ಟಿದ್ರೆ ನನಗ್ ಗೊತ್ತಾಗ್ತಿರ್ಲಿಲ್ವಾ?" ಎಂದು ಅವರು ಗಟ್ಟಿಯಾಗಿಯೇ ಹೇಳಿ, ಕುರಿ ನೋಡುತ್ತಾ ಕೂತರು.

ಆ ಜನ ಮರ್ಯಾದಸ್ಥರು, ಒಬ್ಬರೂ ಒಂದು ಮಾತು ಆಡಲಿಲ್ಲ. ಆಡಿದ್ದರೇ ವಾಸಿಯಿತ್ತು. ನಾನು ಸೆರಗಿಲ್ಲದ ಜಾಕೆಟ್ಟಿನಲ್ಲಿ ಮುಖ ಮುಚ್ಚಿಕೊಳ್ಳಲು ದಾರಿ ಕಾಣದೆ ತಲೆ ತಗ್ಗಿಸಿದೆ. ಹುಟ್ಟಿದಾಗಿನಿಂದ ಇಂಗಿನ ಮನೆಯಲ್ಲೇ ಬೆಳೆದವರಿಗೆ ಅದು ಗೊತ್ತಾಗದೆ ಇರಬಹುದು ಎಂದು ಸಮಾಧಾನ ಮಾಡಿಕೊಂಡೆ.

ನಾವು ಉಳಿದುಕೊಂಡದ್ದು ಡೊರೀನ್ ಎಂಬ ವಿಧವೆಯ ಮನೆಯಲ್ಲಿ. ಮೇಲಿನ ಎರಡು ಕೋಣೆಗಳನ್ನು ತರಬೇತಿಗೆ ಬರುವವರಿಗೆ ಬಾಡಿಗೆಗೆ ಕೊಡುತ್ತಿದ್ದರು. ಅವರು ಬಾಗಿಲು ತೆಗೆದು, ಮೂಗರಳಿಸಿ, ಮುಗುಳ್ನಕ್ಕು, ಮುನಿರಾಜಣ್ಣನ ಬಟ್ಟೆಗಳನ್ನೆಲ್ಲ ಕೇಳಿ ಪಡೆದು ಹಿತ್ತಲಿನ ತಂತಿಯ ಮೇಲೆ ಹರಡಿದರು. ಊರಿನ ಸ್ವೆಟರ್ ನಾವಿದ್ದಷ್ಟು ದಿನವೂ ಆ ಗಾಳಿಯಲ್ಲಿ ಬೀಸಾಡುತ್ತಾ ಅಕ್ಕಪಕ್ಕದವರಿಗೆಲ್ಲ ನಮ್ಮ ಅಡುಗೆಮನೆಯ ಪರಿಚಯ ಮಾಡಿಕೊಟ್ಟಿತು.

ಪೊರಕೆಯ ದಿನ

ತರಬೇತಿ ಕೇಂದ್ರ ಗುಡ್ಡದ ಮೇಲಿತ್ತು. ನಮಗೆ ಕಲಿಸಿದಾಕೆ ಹೆಲೆನ್. ದೊಡ್ಡ ಬೂಟು, ಗಿಡ್ಡಗೆ ಕತ್ತರಿಸಿದ ನರೆಗೂದಲು, ಮಾತು ಕಡಿಮೆ. ಆಕೆಯ ಇಂಗ್ಲಿಷ್ ಮೊದಲ ದಿನ ನನಗೆ ಅರ್ಧ ಅರ್ಥವಾಯಿತು. ಮುನಿರಾಜಣ್ಣನಿಗೆ ನಾನು ಆ ಅರ್ಧದಲ್ಲಿ ಅರ್ಧ ಹೇಳಿದೆ. ಅವರು ಮಾತ್ರ ಪೂರ್ತಿ ತಿಳಿದವರಂತೆ ತಲೆಯಾಡಿಸಿದರು.

ಮೊದಲು ಹೈಡ್ರೋಜನ್. ಅದು ತೀರ ಹಗುರ. ನಮ್ಮ ಗ್ಯಾಸು ನಿಲ್ಲುವ ಜೋಡಣೆಯಲ್ಲೂ ಅದು ನುಸುಳಿಕೊಂಡು ಹೋದೀತು. ಉಕ್ಕಿನೊಳಕ್ಕೆ ಸೇರಿಕೊಂಡು ಅದನ್ನು ಪೆಡಸು ಮಾಡುತ್ತದೆ. ಚೂರು ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ. ಶುದ್ಧ ಹೈಡ್ರೋಜನ್ ಹಗಲಿನಲ್ಲಿ ಉರಿದರೆ ಉರಿ ಕಣ್ಣಿಗೆ ಕಾಣುವುದೇ ಇಲ್ಲ. ವಾಸನೆಯೂ ಇಲ್ಲ. ಈಗ ಅದನ್ನು ಕಾಣಲು ಕ್ಯಾಮೆರಾ ಬಂದಿವೆ. ಹಳೆಯ ಕಾಲದಲ್ಲಿ ಹೇಗೆ ನೋಡುತ್ತಿದ್ದರು ಎಂದು ತೋರಿಸುತ್ತೇನೆ ಎಂದು ಹೆಲೆನ್ ನಮ್ಮನ್ನು ಬಯಲಿಗೆ ಕರೆದುಕೊಂಡು ಹೋಗಿ, ಮುನಿರಾಜಣ್ಣನ ಕೈಗೆ ಉದ್ದ ಹಿಡಿಯ ಹುಲ್ಲು ಪೊರಕೆ ಕೊಟ್ಟರು.

ಮುನಿರಾಜಣ್ಣ ಅದನ್ನು ಎರಡು ಬೆರಳಲ್ಲಿ ಹಿಡಿದು ನನ್ನತ್ತ ನೋಡಿದರು. ಮುಖ ಕಪ್ಪಿಟ್ಟಿತ್ತು.

"ಇಷ್ಟ್ ದೂರ ಕರೆಸಿ ಪೊರಕೆ ಕೊಡ್ತಾಳಲ್ಲಮ್ಮ. ಗುಡಿಸು ಅಂತಾಳಾ?"

"ಗುಡಿಸೋಕಲ್ಲ. ಮುಂದಕ್ಕೆ ಚಾಚಿಕೊಂಡು ನಿಧಾನಕ್ಕೆ ನಡೀಬೇಕಂತೆ."

"ಪೊರಕೆ ಚಾಚ್ಕಂಡಾ? ಯಾರಾದ್ರೂ ನೋಡಿದ್ರೆ ಏನಂದಾರು?"

ನೋಡಲು ಕುರಿಗಳನ್ನು ಬಿಟ್ಟು ಯಾರೂ ಇರಲಿಲ್ಲ. ಅವರು ಗೊಣಗುತ್ತಾ ಪೊರಕೆ ಚಾಚಿಕೊಂಡು ಹೊರಟರು. ಎದುರಿಗೆ ಒಂದು ಸಣ್ಣ ಕೊಳವೆಯ ಬಾಯಿ, ಸುಯ್ ಎಂಬ ಸದ್ದು, ಅಷ್ಟೇ. ಉರಿ ಇಲ್ಲ, ಹೊಗೆ ಇಲ್ಲ. ಇದ್ದಕ್ಕಿದ್ದಂತೆ ಪೊರಕೆಯ ತುದಿ ತಾನಾಗಿ ಭಗ್ಗೆಂದು ಹೊತ್ತಿಕೊಂಡಿತು.

"ಅಯ್ಯೋ ಮುನೇಶ್ವರಾ!" ಎಂದು ಕೂಗಿ ಮುನಿರಾಜಣ್ಣ ಪೊರಕೆ ಎಸೆದು ಹಿಂದಕ್ಕೆ ಹಾರಿದರು. ನಾನು ನಕ್ಕೆ. ನಗು ನಿಂತ ಮೇಲೆ ಮೈ ತಣ್ಣಗಾಯಿತು. ಪೊರಕೆ ಇಲ್ಲದಿದ್ದರೆ ಹೊತ್ತಿಕೊಳ್ಳುತ್ತಿದ್ದದ್ದು ಅವರ ಕೋಟು.

ಡೊರೀನ್ ಮನೆಯ ಅಡುಗೆಮನೆ

ಮರುದಿನ ಬೆಳಿಗ್ಗೆ ನಾನು ತಲೆ ಬಾಚಿಕೊಳ್ಳುತ್ತಿದ್ದಾಗ ಮನೆಯ ಅಲಾರಂ ಕಿರುಚಿಕೊಂಡಿತು. ಕೆಳಗೆ ಓಡಿದೆ. ಅಡುಗೆಮನೆಯ ತುಂಬ ಹೊಗೆ. ಬ್ರೆಡ್ ಸುಡುವ ಯಂತ್ರದೊಳಗೆ ಬ್ರೆಡ್ ಸಿಕ್ಕಿಹಾಕಿಕೊಂಡು ಇದ್ದಿಲಾಗಿತ್ತು. ಅದಕ್ಕೆ ಬೆನ್ನು ಹಾಕಿ, ಒಂದು ಮಾರು ದೂರದಲ್ಲಿ, ಮುನಿರಾಜಣ್ಣ ಫೋನಿನಲ್ಲಿ ಮೊಮ್ಮಗಳ ವಿಡಿಯೋ ನೋಡುತ್ತಾ ಕೂತಿದ್ದರು. ಅಲಾರಂ ಕೂಗಿದ್ದಕ್ಕೆ ಅವರು ನೋಡಿದ್ದು ಚಾವಣಿಯನ್ನು. ಬ್ರೆಡ್ಡಿನ ಕಡೆ ತಿರುಗಲೇ ಇಲ್ಲ.

ಡೊರೀನ್ ಮಹಾತಾಯಿ ಬೈಯಲಿಲ್ಲ. ಯಂತ್ರದ ಪ್ಲಗ್ ಕಿತ್ತು, ಕಿಟಕಿಗಳನ್ನು ತೆರೆದು, ನೈಟಿಯ ಮೇಲೆ ಕೋಟು ಹಾಕಿಕೊಂಡು, ಬೆಕ್ಕನ್ನು ಕಂಕುಳಲ್ಲಿಟ್ಟುಕೊಂಡು, ನಮ್ಮನ್ನು ಬೀದಿಗೆ ಕರೆದುಕೊಂಡು ಹೋಗಿ, ಹೊಗೆ ಹೋಗುವವರೆಗೂ ಹವಾಮಾನದ ಬಗ್ಗೆ ಮಾತಾಡಿದರು. ಅಲ್ಲಿಯವರಿಗೆ ಎಂಥ ಅನಾಹುತವಾದರೂ ಹವಾಮಾನದಿಂದಲೇ ಶುರು.

ನಾನು ಮುನಿರಾಜಣ್ಣನನ್ನು ಬೀದಿಯ ಕೊನೆಯ ಕಲ್ಲುಗೋಡೆಯವರೆಗೆ ಕರೆದುಕೊಂಡು ಹೋದೆ.

"ಸುಟ್ಟ ವಾಸ್ನೆ ಬರ್ಲಿಲ್ವಾ ನಿಮಗೆ?"

"ಬಂತು ಬಂತು. ಏನೋ ಯೋಚ್ನೆಲಿದ್ದೆ."

"ಬಂದಿದ್ರೆ ಕೂತೇ ಇರ್ತಿದ್ರಾ? ಮೊನ್ನೆ ಇಂಗೂ ಗೊತ್ತಾಗ್ಲಿಲ್ಲ. ನಿಜ ಹೇಳಿ ಮುನಿರಾಜಣ್ಣ."

ಅವರು ಗೋಡೆಯ ಆಚೆಗಿನ ಕುರಿಗಳ ಕಡೆ ತಿರುಗಿದರು.

"ಮೂಗು ಹೋಗ್ಬಿಟ್ಟೈತೆ ಕಣಮ್ಮ," ಎಂದರು. "ಊರಿಗೆಲ್ಲಾ ಜ್ವರ ಬಂತಲ್ಲ, ಆವಾಗ ಹೋಗಿದ್ದು ತಿರುಗಾ ಬರ್ಲೇ ಇಲ್ಲ. ಮಲ್ಲಿಗೆ ಹೂವೂ ಒಂದೇ, ಮೋರಿ ನೀರೂ ಒಂದೇ."

ನನಗೆ ಮೈಯೆಲ್ಲ ಉರಿಯಿತು. ಹೊಸಕೋಟೆಯಲ್ಲಿ, ಬಸ್ ಸ್ಟ್ಯಾಂಡಿನ ಹಿಂದೆ, ಒತ್ತಡ ಇಳಿದು ಅಲಾರಂ ಬಂದ ದಿನ ನೆನಪಾಯಿತು. ಆ ದಿನ ಇವರು 'ಏನೂ ಇಲ್ಲ, ಬಿಡಮ್ಮ' ಎಂದಿದ್ದರು. ಅವರ ಮೂಗನ್ನು ನಂಬಿ ನಾನು ಅಷ್ಟು ಮನೆಗಳ ನಡುವೆ ಗ್ಯಾಸ್ ಬಿಟ್ಟಿದ್ದೆ.

"ಯಾವ ಮೂಗಲ್ಲಿ ನೋಡಿ ಹೇಳಿದ್ರಿ ಆವತ್ತು?" ಎಂದು ಕೂಗಿಯೇಬಿಟ್ಟೆ. ಗೋಡೆಯಾಚೆ ಕುರಿಗಳು ತಲೆಯೆತ್ತಿದವು.

ಮುನಿರಾಜಣ್ಣ ಕೋಟಿನ ಒಳಜೇಬಿನಿಂದ ತಮ್ಮ ಗ್ಯಾಸ್ ಮೀಟರನ್ನು ತೆಗೆದರು. ಅದಕ್ಕೆ ಹಸುವಿನ ಹಗ್ಗದಂತೆ ಹೆಣೆದ ಉದ್ದನೆಯ ಹುರಿ ಕಟ್ಟಿತ್ತು. ಇಂಗ್ಲೆಂಡಿಗೂ ಅದನ್ನು ತಂದಿದ್ದರು.

"ಮೂಗು ಹೋದ್ಮ್ಯಾಕೆ ಇದಿಲ್ದೆ ಒಂದ್ ಗುಂಡಿ ಹತ್ರಾನೂ ಹೋಗಿಲ್ಲ. ಗ್ಯಾಂಗಿನೋರು ಆ ಕಡೆ ತಿರುಗ್ದಾಗ ಹುರಿ ಬಿಟ್ಟು ಇಳಿಸಿ ನೋಡ್ತೀನಿ. ಆಮ್ಯಾಕೆ ಅವ್ರಿಗೆ ಕಾಣ್ಲಿ ಅಂತ ಕುಂತು ಸುಮ್ನೆ ಮೂಗು ಎಳೀತೀನಿ. ನಿಂಗೆ ಹೇಳಿದ್ದೆಲ್ಲಾ ಮೀಟ್ರು ಹೇಳಿದ್ದೇಯ. ನಂದು ಅಂತ ಒಂದ್ ಮಾತೂ ಸೇರಿಸಿಲ್ಲ."

ನನ್ನ ಕೋಪ ಅರ್ಧ ಇಳಿಯಿತು. ಹಾಗಾದರೆ ಇಷ್ಟು ದಿನ ನಾನು ನಂಬಿದ್ದು ಮೀಟರನ್ನೇ, ನಂಬಬೇಕಾದದ್ದನ್ನೇ. ಆದರೂ ನನಗೇ ತಿಳಿಯದ ಹಾಗೆ! ಇನ್ನರ್ಧ ಕೋಪ ಹಾಗೇ ಉಳಿಯಿತು.

"ಯಾಕೆ ಮುಚ್ಚಿಟ್ರಿ?"

"ಗೊತ್ತಾದ್ರೆ ಸ್ಟೋರಿಗೆ ಹಾಕ್ತಾರೆ. ನಟ್ಟು ಬೋಲ್ಟು ಕಾಯ್ಕಂಡು ಕುಂತ್ಕಬೇಕು. ನಾನು ನಡೆಯೋನು ಕಣಮ್ಮ. ಆ ಲೈನ್ ಹಾಕ್ದಾಗಿಂದ ಅದರ ಮ್ಯಾಲೇ ನಡ್ದಿವ್ನಿ. ಅದ್ ಬಿಟ್ರೆ ನನಗಿನ್ನೇನೈತೆ?" ಎಂದರು. ಅವರನ್ನು ಹಾಗೆ ನಾನು ಎಂದೂ ಕಂಡಿರಲಿಲ್ಲ.

"ನೀವೇ ಹೇಳ್ಬಿಡಿ," ಎಂದೆ. "ನೀವು ಹೇಳ್ದಿದ್ರೆ ಊರಿಗೆ ಹೋದ್ಮೇಲೆ ನಾನು ಹೇಳ್ತೀನಿ. ಕಂಟ್ರೋಲ್ ರೂಮಲ್ಲಿ ಕೂತ್ಕೊಂಡು ಇದನ್ನ ಹೊಟ್ಟೇಲಿಟ್ಟುಕೊಳ್ಳೋಕೆ ನನ್ನ ಕೈಲಾಗಲ್ಲ."

ಅವರು ಹುರಿ ಸುತ್ತಿ ಜೇಬಿಗಿಟ್ಟುಕೊಂಡು ಬಸ್ಸಿನ ಕಡೆ ನಡೆದರು. ನಾನು ಹೇಳಿದ್ದು ಸರಿ ಎಂದು ಗೊತ್ತಿತ್ತು. ಆದರೂ ಆ ದಿನವೆಲ್ಲ ಊಟ ರುಚಿಸಲಿಲ್ಲ.

ಗುಂಡಿ

ಇಂಗಾಲದ ಡೈಆಕ್ಸೈಡ್ ಹೈಡ್ರೋಜನ್ನಿಗೆ ತೀರ ಉಲ್ಟಾ. ಹೊತ್ತಿಕೊಳ್ಳುವುದಿಲ್ಲ. ಗಾಳಿಗಿಂತ ಭಾರ. ಹೆಚ್ಚು ಒತ್ತಡದ ಕೊಳವೆ ಒಡೆದರೆ ಮಂಜಿನಂತೆ ಬೆಳ್ಳಗೆ ಹೊರಬಂದು, ನೆಲ ಹಿಡಿದು ಹರಿದು, ಹಳ್ಳಕೊಳ್ಳಗಳಲ್ಲಿ ತುಂಬಿಕೊಳ್ಳುತ್ತದೆ. ಅದರೊಳಗೆ ಸಿಕ್ಕಿದ ಗಾಡಿಯ ಎಂಜಿನ್ ನಿಂತುಹೋಗುತ್ತದೆ, ಮನುಷ್ಯನಿಗೂ ಅದೇ ಗತಿ. ಹಾಗಾಗಿ ಓಡಬೇಕಾದದ್ದು ಎತ್ತರಕ್ಕೆ, ಗಾಳಿ ಬರುವ ದಿಕ್ಕಿಗೆ. ಹೊಗೆ ತುಂಬಿದ ಮನೆಯಲ್ಲಿ ಬಗ್ಗಿ ತೆವಳಿ ಎಂದು ಕಲಿಸುತ್ತಾರಲ್ಲ, ಇಲ್ಲಿ ಹಾಗೆ ಮಾಡಿದರೆ ಮುಗಿಯಿತು.

ನಿಮ್ಮ ಕಡೆ ಜನಕ್ಕೆ ಇಂಥ ಗಾಳಿ ಗೊತ್ತೇ ಎಂದು ಹೆಲೆನ್ ಕೇಳಿದರು. ನಾನು ಹಗೇವಿನ ವಿಷಯ ಹೇಳಿದೆ. ಹಿಂದೆ ನಮ್ಮಲ್ಲಿ ನೆಲದೊಳಗೆ ಹಗೇವು ತೋಡಿ ರಾಗಿ ತುಂಬಿಡುತ್ತಿದ್ದರು. ಬಾಯಿ ತೆಗೆದ ಕೂಡಲೇ ಯಾರನ್ನೂ ಇಳಿಯಲು ಬಿಡುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ಕಾದು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಧಾನ್ಯ ಉಸಿರಾಡಿ ಬಿಟ್ಟದ್ದು ಇದೇ ಗಾಳಿ ಎಂದು ಹೆಲೆನ್ ಹೇಳಿದರು. ದೀಪವನ್ನು ಮಾತ್ರ ನಂಬಬೇಡಿ, ಅದು ಇನ್ನೂ ಉರಿಯುತ್ತಿರುವಾಗಲೇ ಮನುಷ್ಯ ಬಿದ್ದಿರುತ್ತಾನೆ ಎಂದೂ ಸೇರಿಸಿದರು. ಒಳ್ಳೆಯ ಉತ್ತರ ಕೊಟ್ಟೆನೆಂದು ನಾನು ಬೀಗಿದೆ.

ಆಮೇಲೆ ಹೊರಗೆ ಪರೀಕ್ಷೆ. ನೆಲದಲ್ಲಿ ವಾಲ್ವ್ ಗುಂಡಿ, ಥೇಟ್ ನಮ್ಮದೇ. ತಳದಲ್ಲಿ ಆ ಗಾಳಿಯನ್ನೇ ಹೆಪ್ಪುಗಟ್ಟಿಸಿದ ಒಣ ಮಂಜುಗಡ್ಡೆ ಇಟ್ಟು ಗುಂಡಿ ತುಂಬಿಸಿದ್ದರು. ಹೊರಗಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಒಬ್ಬ ಕೆಲಸಗಾರ ಕರೆದಿದ್ದಾನೆ ಎಂದುಕೊಳ್ಳಿ, ಹೋಗಿ ನೋಡಿ ಎಂದು ಹೆಲೆನ್ ನನ್ನ ಕೈಗೆ ಮೀಟರ್ ಕೊಟ್ಟು ಕಳಿಸಿದರು.

ನಾನು ಹೋದೆ. ಮುಚ್ಚಳದ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಮೀಟರನ್ನು ಪಕ್ಕದ ಹುಲ್ಲಿನ ಮೇಲೆ ಇಟ್ಟೆ. ಬಗ್ಗಿ ಸಂದಿಗೆ ಮೂಗು ತಂದೆ.

ಉಸಿರು ಎಳೆಯುವ ಮೊದಲೇ ಹೆಲೆನ್ ನನ್ನ ಜಾಕೆಟ್ಟಿನ ಕುತ್ತಿಗೆ ಹಿಡಿದು ಹಿಂದಕ್ಕೆಳೆದರು. ಹುಲ್ಲಿನ ಮೇಲೆ ಅಂಗಾತ ಬಿದ್ದೆ. ತಲೆ ಹತ್ತಿರ ಬಂದರೆ ಕೂಗಲೆಂದು ಗುಂಡಿಯ ಬಾಯಲ್ಲಿ ಕಟ್ಟಿದ್ದ ಯಂತ್ರ ಕುಯ್ಯೋ ಎಂದು ಅರಚುತ್ತಿತ್ತು. "ನೀನೀಗ ಸತ್ತೆ," ಎಂದರು ಹೆಲೆನ್, ಬೇಸರವಾಗಲಿ ಕೋಪವಾಗಲಿ ಇಲ್ಲದ ದನಿಯಲ್ಲಿ. "ಅದಕ್ಕೆ ವಾಸನೆ ಇಲ್ಲ. ಮೂಗು ಚುರ್ ಎಂದಿತು ಅಂದರೆ ಆಗಲೇ ತಡವಾಗಿರುತ್ತದೆ. ಯಾರು ಕಲಿಸಿದರು ನಿನಗೆ ಇದನ್ನು?"

ಪಾಠ ತಲೆಗೆ ಹತ್ತಿತ್ತು, ಮೊಣಕಾಲಿಗೆ ಹತ್ತಿರಲಿಲ್ಲ. ಎದ್ದು ಕೂತು ನೋಡಿದರೆ ಮುನಿರಾಜಣ್ಣನ ಮುಖದಲ್ಲಿ ರಕ್ತವೇ ಇರಲಿಲ್ಲ.

ಮುಂದಿನ ಸರದಿ ಅವರದು. ಅವರು ಗಾಳಿಯ ದಿಕ್ಕು ನೋಡಿಕೊಂಡು ಬಂದು, ಬಗ್ಗದೆ ನಿಂತು, ಹೆಲೆನ್ ಕೊಟ್ಟ ಮೀಟರಿಗೆ ತಮ್ಮ ಹುರಿ ಕಟ್ಟಿ, ಸಂದಿಯಲ್ಲಿ ನಿಧಾನವಾಗಿ ಇಳಿಸಿದರು. ಮೀಟರ್ ಕೂಗಿತು. ಕೂಡಲೇ ಗುಡ್ಡದ ಮೇಲ್ಭಾಗಕ್ಕೆ ಹತ್ತಿ ನಿಂತರು. ಹೆಲೆನ್ ಚಪ್ಪಾಳೆ ತಟ್ಟಿ, ಇದನ್ನು ಎಲ್ಲಿ ಕಲಿತಿರಿ ಎಂದರು. ಬೇರೆ ದಿನವಾಗಿದ್ದರೆ ಅದಕ್ಕೆ ಸಂಜೆಯವರೆಗೂ ಉತ್ತರ ಬರುತ್ತಿತ್ತು. ಅಂದು ಮುನಿರಾಜಣ್ಣ ಹುರಿ ಬಿಚ್ಚಿ, ಮೀಟರನ್ನು ಆಕೆಯ ಕೈಗಿಟ್ಟು ನನ್ನತ್ತ ಬಂದರು.

"ಗಿರಿಜಾ," ಎಂದರು ಆಮೇಲೆ, ನಾವಿಬ್ಬರೇ ಇದ್ದಾಗ. "ನಾನು ಕಲ್ಸಿದ್ದಲ್ವಾ ಅದು?"

"ಹೂಂ."

"ಅಲ್ಲಿ ನಮ್ ಗ್ಯಾಂಗಲ್ಲಿ ಕೆಂಪ್ರಾಜು, ಅವರೆಲ್ಲಾ ಹಿಂಗೇ ಬಗ್ತಾರೆ."

"ಬಗ್ತಾರೆ ಅಣ್ಣ."

"ನಾನ್ ಮೂಗು ಎಳೆಯೋ ನಾಟ್ಕ ನೋಡಿ ನೋಡಿ ಬಗ್ತಾರೆ," ಎಂದು ಅವರು ಹುಲ್ಲಿನ ಮೇಲೆ ಕೂತುಬಿಟ್ಟರು.

ಊಟದ ಹೊತ್ತಿನ ಫೋನು

ಮರುದಿನ ಕೊನೆಯ ದಿನ. ಅಲ್ಲಿ ಮಧ್ಯಾಹ್ನವಾದಾಗ ನಮ್ಮಲ್ಲಿ ಸಂಜೆ. ಗ್ಯಾಂಗಿನವರು ಲೈನು ನಡೆದು ಮುಗಿಸಿ, ನಮ್ಮ ಹೊಸಕೋಟೆಯ ಗ್ಯಾಸ್ ಸ್ಟೇಷನ್ನಿನಲ್ಲಿ ಕೈಕಾಲು ತೊಳೆದು ಟೀ ಕುಡಿಯುವ ಹೊತ್ತು. ಮುನಿರಾಜಣ್ಣ ತಣ್ಣನೆಯ ಸ್ಯಾಂಡ್‌ವಿಚ್ ಪಕ್ಕಕ್ಕಿಟ್ಟು ವಿಡಿಯೋ ಕಾಲ್ ಮಾಡಿದರು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಪರದೆಯಲ್ಲಿ ಮುಖಗಳು ಒಂದರ ಮೇಲೊಂದು ಇಣುಕಿದವು.

"ಏನಣ್ಣಾ, ಅಲ್ಲಿಂದಾನೇ ಇಲ್ಲಿ ಗ್ಯಾಸ್ ವಾಸ್ನೆ ನೋಡ್ತಿದ್ದೀಯಾ?" ಎಂದ ಕೆಂಪರಾಜು. ಅವನು ಗ್ಯಾಂಗಿನಲ್ಲಿ ಹಳಬ.

"ಲೇ ಕೆಂಪ್ರಾಜು, ಎಲ್ಲಾರೂ ಕೇಳ್ರಿ. ನನ್ ಮೂಗು ಹೋಗಿ ವರ್ಷಗಳಾದ್ವು. ನಂಗೆ ಏನೂ ವಾಸ್ನೆ ಬರಲ್ಲ."

ಆ ಕಡೆ ಸ್ಟೇಷನ್ನೇ ಹಾರಿಹೋಗುವಂತೆ ನಗು.

"ಬಿಡಣ್ಣ, ಡವ್ ಮಾಡ್ಬೇಡ!"

"ದೇವ್ರಾಣೆ ಕಣ್ರೋ!"

ಮುನಿರಾಜಣ್ಣ ಆಣೆ ಹಾಕಿದಷ್ಟೂ ಗ್ಯಾಂಗಿನವರು ನಕ್ಕರು. ಜೀವಮಾನವೆಲ್ಲ ಬಡಾಯಿ ಕೊಚ್ಚಿಕೊಂಡವರು ಒಂದು ನಿಜ ಹೇಳಿದರೆ ಯಾರು ನಂಬುತ್ತಾರೆ? ಕೊನೆಗೆ ನಾನು ಫೋನ್ ತೆಗೆದುಕೊಂಡು ಇಂಗಿನ ಬಸ್ಸು, ಸುಟ್ಟ ಬ್ರೆಡ್ಡು ಎರಡನ್ನೂ ಹೇಳಿದೆ. ನಗು ನಿಂತಿತು. ಅಷ್ಟರಲ್ಲಿ ಪರದೆಯ ಹಿಂದಿನಿಂದ ನಮ್ಮ ಮ್ಯಾನೇಜರ್ ಸಾಹೇಬರ ಮುಖ ಬಂತು. ಅವರು ಅಲ್ಲೇ ಇದ್ದದ್ದು ನಮಗೆ ಗೊತ್ತಿರಲಿಲ್ಲ.

"ಗಿರಿಜಾ ಅವ್ರೇ, ಇದು ನಿಜಾನಾ?"

"ನಿಜ ಸರ್."

"ಮುನಿರಾಜು, ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?"

"ಲೈನಿಂದ ತೆಗೀತೀರಾ ಅಂತ ಭಯ ಸಾರ್," ಎಂದರು ಮುನಿರಾಜಣ್ಣ. "ಪ್ರತಿ ಗುಂಡಿಗೂ ಮೀಟ್ರು ಇಳಿಸೇ ನೋಡಿವ್ನಿ. ಅದರಲ್ಲಿ ಮೋಸ ಇಲ್ಲ. ತೆಗೆಯೋದಾದ್ರೆ ತೆಗೀರಿ. ಆದ್ರೆ ಇವತ್ತಿಂದ ಇವ್ರು ಯಾರೂ ಗುಂಡಿಗೆ ಮೂಗಿಡಬಾರ್ದು ಅಂತ ಹೇಳಿ. ಗಿರಿಜಮ್ಮ ನಿನ್ನೆ ನನ್ ಕಣ್ಮುಂದೆನೇ ಹೋಗ್ಬಿಟ್ಟಿದ್ಲು ಸಾರ್. ಪರೀಕ್ಷೆ ಅಂತ ಉಳ್ಕಂಡ್ಲು. ನಾನೇ ಕಲ್ಸಿದ್ದು."

ಸಾಹೇಬರು "ಬನ್ನಿ, ಬಂದ ಮೇಲೆ ಮಾತಾಡೋಣ," ಎಂದಷ್ಟೇ ಹೇಳಿ ಫೋನ್ ಇಟ್ಟರು.

ಅಲ್ಲಿಂದ ವಿಮಾನ ಹತ್ತುವವರೆಗೂ ನಾವು ಆ ಮಾತಿನ ಅರ್ಥ ಹುಡುಕಿದೆವು. ಡೊರೀನ್ ಬೀಳ್ಕೊಡುವಾಗ ಮುನಿರಾಜಣ್ಣನನ್ನು ಅಪ್ಪಿಕೊಂಡು ಕೆನ್ನೆಗೆ ಮುತ್ತು ಕೊಟ್ಟರು. ಅದಕ್ಕೆ ನಾಚಿಕೊಳ್ಳುವಷ್ಟು ಗಮನವೂ ಅವರಿಗಿರಲಿಲ್ಲ.

ಮತ್ತೆ ದೇವನಹಳ್ಳಿ

ಇಳಿದು ಹೊರಗೆ ಬಂದಾಗ ಬಿಸಿಲು ಚುರುಗುಟ್ಟುತ್ತಿತ್ತು. ಆ ಬಿಸಿಲಿಗೆ ನನಗೆ ಎಷ್ಟು ಖುಷಿಯಾಯಿತೆಂದರೆ ಜಾಕೆಟ್ ಕಳಚಿ ಹಾಗೇ ನಿಂತುಬಿಟ್ಟೆ. ಟ್ಯಾಕ್ಸಿ ಸಾಲಿನಲ್ಲಿರುವಾಗಲೇ ಮುನಿರಾಜಣ್ಣನ ಫೋನು ಬಡಿದುಕೊಂಡಿತು. ಸಾಹೇಬರು. ಮುನಿರಾಜಣ್ಣ ಸ್ಪೀಕರ್ ಒತ್ತಿ ಫೋನನ್ನು ನನ್ನ ಕಡೆ ಚಾಚಿದರು.

"ನೋಡಿ ಮುನಿರಾಜು, ಮುಚ್ಚಿಟ್ಟದ್ದು ತಪ್ಪು. ಆಫೀಸಿಗೆ ಬಂದಾಗ ಚೆನ್ನಾಗಿ ಬೈತೀನಿ, ಬೈಸ್ಕೊಳ್ಳಿ. ಮೊದಲು ಡಾಕ್ಟರ ಹತ್ರ ಹೋಗಿ ಮೂಗು ತೋರಿಸಿ," ಎಂದರು ಸಾಹೇಬರು. "ಮೂಗಿಡೋದನ್ನ ನಿನ್ನೆಯಿಂದಾನೇ ನಿಲ್ಲಿಸಿದ್ದೀನಿ. ಎಲ್ಲರಿಗೂ ನಿಮ್ಮ ಥರ ಹುರಿ ಕಟ್ಟಿದ ಮೀಟರ್. ಅದನ್ನ ಕಲಿಸೋರು ನೀವೇ. ಸೋಮವಾರ ಲೈನಿಗೆ ಬನ್ನಿ."

"ಲೈನಿಗಾ ಸಾರ್? ಸ್ಟೋರಿಗಲ್ವಾ?"

"ಲೈನಿಗೆ ಕಣ್ರೀ. ಮೀಟರ್ ಓದೋಕೆ ಕಣ್ಣು ಸಾಕು."

ನನ್ನ ಎದೆಯ ಮೇಲಿದ್ದ ಭಾರ ಇಳಿಯಿತು. ಅವರನ್ನು ನಾನೇ ಸ್ಟೋರಿಗೆ ತಳ್ಳಿದೆನೇನೋ ಎಂದು ಅಷ್ಟು ದೂರದ ದಾರಿಯುದ್ದಕ್ಕೂ ಒಳಗೇ ಬೆಂದಿದ್ದೆ. ಮುನಿರಾಜಣ್ಣ ಪೆಟ್ಟಿಗೆಯ ಮೇಲೆ ಕೂತು ಜೋರಾಗಿ ಉಸಿರು ಬಿಟ್ಟರು. ಹಿಂದಿನವರು ಸಾಲು ಮುಂದೆ ಹೋಗಲಿ ಎಂದು ಗದರಿದರೂ ಏಳಲಿಲ್ಲ.

ನನ್ನೂರು ಎದುರು ದಿಕ್ಕಿಗಿದ್ದರೂ ಅವರನ್ನು ಮನೆ ಮುಟ್ಟಿಸೋಣವೆಂದು ಸೂಲಿಬೆಲೆಯವರೆಗೆ ಒಂದೇ ಟ್ಯಾಕ್ಸಿಯಲ್ಲಿ ಹೋದೆವು. ಅವರು ದಾರಿಯುದ್ದಕ್ಕೂ ಡ್ರೈವರಿಗೆ ಇಂಗ್ಲೆಂಡಿನ ಕುರಿಗಳ ವಿಷಯ ಹೇಳಿದರು. ಮಾತಿನಲ್ಲಿ ಕುರಿಗಳು ಆಗಲೇ ಕರುಗಳಷ್ಟು ದೊಡ್ಡವಾಗಿದ್ದವು. ಮನೆಯ ಮುಂದೆ ಗಾಡಿ ನಿಂತಾಗ ಮಾತ್ರ ಇಳಿಯದೆ ಕೂತರು.

"ಗಿರಿಜಾ, ಇನ್ಮ್ಯಾಕೆ ಅಲಾರಂ ಬಂದ್ರೆ ಯಾರಿಗೆ ಫೋನ್ ಮಾಡ್ತೀಯಮ್ಮ?"

"ನಿಮಗೇ ಮಾಡ್ತೀನಿ. ಇನ್ಯಾರಿಗೆ ಮಾಡ್ಲಿ? ಆದ್ರೆ 'ಏನೂ ಇಲ್ಲ' ಅಂದ್ರೆ ಗ್ಯಾಸ್ ಬಿಡಲ್ಲ. ಮೀಟರ್ ಎಷ್ಟು ತೋರಿಸ್ತಿದೆ ಅಂತ ಓದಿ ಹೇಳ್ಬೇಕು."

"ಓದ್ತೀನಿ ಕಣಮ್ಮ. ಗಟ್ಟಿಯಾಗಿ, ಎಲ್ಲಾರ್ ಎದ್ರಿಗೇ ಓದ್ತೀನಿ," ಎಂದು ಅವರು ಕಣ್ಣೊರೆಸಿಕೊಂಡು ಇಳಿದರು. ನಾನೂ ಒರೆಸಿಕೊಂಡೆ.